ಮನೆಯ ಮಾರಾಟವೂ ಕಡ್ಡಾಯ ತಪಾಸಣೆಯೂ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ನಮ್ಮ ಹಿರಿಯರು. ಕಟ್ಟಿದ ಮನೆಯನ್ನು ಕೊಳ್ಳುವ ಕಷ್ಟವೂ ಅದಕ್ಕೆ ಕಡಮೆಯಾದುದಲ್ಲ. ಸುಣ್ಣದ ಹಿಂದಿನ ಬಿರುಕು ಮಾರುವವನಿಗೆ ಗೊತ್ತು; ಕೊಳ್ಳುವವನಿಗೆ ಗೊತ್ತಿಲ್ಲ. ಈ ಅಂತರವನ್ನು ಕಾಯಿದೆಯಿಂದ ಕಡಮೆ ಮಾಡಬಹುದೆ ಎಂಬುದನ್ನು ಸ್ಕಾಟ್ಲೆಂಡಿನ ಉದಾಹರಣೆಯಿಂದ ವಿಚಾರಿಸೋಣ.

ಅಲ್ಲಿ ಒಂದು ಮನೆಗೆ ಹಲವರು ಮುಚ್ಚಿದ ಲಕೋಟೆಯಲ್ಲಿ ಬೆಲೆ ಸೂಚಿಸುವ ಪದ್ಧತಿಯುಂಟು. ಹಿಂದೆ ಪ್ರತಿಯೊಬ್ಬನೂ ಸ್ವಂತ ಖರ್ಚಿನಿಂದ ತಪಾಸಣೆ ಮಾಡಿಸುತ್ತಿದ್ದನು. ಮನೆ ಒಬ್ಬನಿಗೆ ದಕ್ಕುತ್ತಿತ್ತು. ಉಳಿದವರ ಹಣ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಗುತ್ತಿತ್ತು. 2008ರ ಡಿಸೆಂಬರ್ 1ರಿಂದ ಮಾರುವವನೇ ಮುಂದಾಗಿ ವರದಿ ಒದಗಿಸತಕ್ಕದ್ದೆಂದು ನಿಯಮವಾಯಿತು. ಕಟ್ಟಡದ ಸ್ಥಿತಿ, ಬೆಲೆಯ ಅಂದಾಜು, ಇಂಧನದ ಬಳಕೆ ಇವು ಅದರಲ್ಲಿರುತ್ತವೆ. ಹೀಗಾಗಿ ಕೊಳ್ಳುವವನು ದುರಸ್ತಿಯ ಖರ್ಚನ್ನು ಮುರಿದುಕೊಂಡೇ ಬೆಲೆ ಕೇಳಬಹುದು.

ಇಂಗ್ಲೆಂಡಿನಲ್ಲಿ ಬೇರೆ ಬಗೆಯಾಯಿತು. 2006ರಲ್ಲಿ ಸರಕಾರವು ಸ್ಥಿತಿಯ ವರದಿಯನ್ನು ಐಚ್ಛಿಕವೆಂದು ಸಾರಿತು; 2007ರಲ್ಲಿ ಉಳಿದ ಕಾಗದಗಳ ಕಟ್ಟನ್ನು ಮಾತ್ರ ಕಡ್ಡಾಯ ಮಾಡಿತು. ಮಾರುವವನಿಗೆ ಖರ್ಚು ಉಳಿಯಿತು, ಕೊಳ್ಳುವವನಿಗೆ ಬಿರುಕಿನ ಸುದ್ದಿ ತಿಳಿಯಲಿಲ್ಲ. 2010ರಲ್ಲಿ ಆ ನಿಯಮವು ನಿಂತುಹೋಯಿತು.

ಆಕ್ಷೇಪಗಳೂ ಉಂಟು. ಮುಂಗಡ ಖರ್ಚಿಗೆ ಅಂಜಿ ಕೆಲವರು ಮನೆಯನ್ನು ಮಾರಾಟಕ್ಕಿಡದೆ ಹೋಗಬಹುದು. ಮಾರುವವನಿಂದ ಹಣ ಪಡೆದ ಪರೀಕ್ಷಕನನ್ನು ನಂಬುವುದೆಂತು ಎಂಬ ಶಂಕೆಯೂ ಸಹಜ. ಆದುದರಿಂದಲೇ ಸ್ಕಾಟ್ಲೆಂಡಿನಲ್ಲಿ ಪರೀಕ್ಷಕನು ಕೊಳ್ಳುವವನಿಗೂ ಹೊಣೆಗಾರನಾಗಿದ್ದಾನೆ. ಈ ಹೊಣೆಯಿಲ್ಲದ ತಪಾಸಣೆಯು ಬರಿಯ ಕಾಗದವೆಂದೇ ನಮ್ಮ ಅಭಿಪ್ರಾಯ. ಜೀವಮಾನದ ಉಳಿತಾಯವನ್ನು ಗೋಡೆಗಳಿಗೆ ಸುರಿಯುವ ಸಂಸಾರಿಗೆ, ಆ ಗೋಡೆಗಳ ನಿಜವನ್ನು ಹಣ ಕೊಡುವ ಮೊದಲೇ ತಿಳಿಯುವ ಹಕ್ಕುಂಟು.