ನೈಟ್ರೇಟ್ ಉಸಿರಾಡುವ ಕಡಲ ಜೀವಿಗಳು
(ವಿದ್ಯಾರ್ಥಿಗಳಿಗಾಗಿ ಮಾಡಿದ ಭಾಷಣದ ಬರಹ ರೂಪ)



ಉರ್ದುವಿನಲ್ಲಿ ‘ಜರಾಸೀಮ್’ ಎನ್ನಿ, ಕನ್ನಡದಲ್ಲಿ ‘ಬ್ಯಾಕ್ಟೀರಿಯಾ’ ಎನ್ನಿ, ನಿಮಗೆ ಮೊದಲು ನೆನಪಾಗುವುದು ಕಾಯಿಲೆ. ಆದರೆ ಇಂದು ನಾನು ಹೇಳಹೊರಟಿರುವುದು ಬೇರೆಯೇ ಬಗೆಯ ಬ್ಯಾಕ್ಟೀರಿಯಾಗಳ ವಿಷಯ. ತೆಂಗಿನಗುಂಡಿ ಬಂದರಿನಿಂದ ದೋಣಿಗಳು ಹೊರಡುವ ಇದೇ ಅರಬ್ಬಿ ಸಮುದ್ರದಲ್ಲಿ ಅವು ವಾಸಿಸುತ್ತವೆ. ಆಮ್ಲಜನಕ ಇಲ್ಲದ ನೀರಿನಲ್ಲಿ ಅವು ನೈಟ್ರೇಟನ್ನು ಉಸಿರಾಡಿ ಬದುಕುತ್ತವೆ.

ಉಸಿರಾಟ ಎಂದರೇನು? ನಾವು ತಿಂದ ಅನ್ನ, ಮೀನು ಜೀವಕೋಶದಲ್ಲಿ ಒಡೆದು ಶಕ್ತಿ ಕೊಡುತ್ತವೆ. ಆಗ ಹೊರಬೀಳುವ ಇಲೆಕ್ಟ್ರಾನುಗಳನ್ನು ಯಾರಾದರೂ ಸ್ವೀಕರಿಸಲೇಬೇಕು. ನಮ್ಮಲ್ಲಿ ಆ ಕೆಲಸ ಆಮ್ಲಜನಕದ್ದು. ಈ ಬ್ಯಾಕ್ಟೀರಿಯಾಗಳೂ ಆಮ್ಲಜನಕ ಇರುವಾಗ ಅದನ್ನೇ ಬಳಸುತ್ತವೆ. ಅದು ಮುಗಿದರೆ ನೈಟ್ರೇಟಿಗೆ ತಿರುಗುತ್ತವೆ. ಎಕ್ಸ್‌ಪ್ರೆಸ್ ಬಸ್ಸು ತಪ್ಪಿದಾಗ ಹಿಂದೆ ಬರುವ ಬಸ್ಸು ಹತ್ತಿದ ಹಾಗೆ. ಸಿಗುವ ಶಕ್ತಿ ಸ್ವಲ್ಪ ಕಡಿಮೆ, ಆದರೂ ಬದುಕು ನಡೆಯುತ್ತದೆ.

ನೈಟ್ರೇಟ್ ಮೊದಲು ನೈಟ್ರೈಟ್ ಆಗುತ್ತದೆ. ಅನಂತರ ನೈಟ್ರಿಕ್ ಆಕ್ಸೈಡ್, ನೈಟ್ರಸ್ ಆಕ್ಸೈಡ್, ಕೊನೆಗೆ ಸಾರಜನಕ ಅನಿಲ. ಒಂದೊಂದು ಮೆಟ್ಟಿಲಿಗೂ ಒಂದೊಂದು ಕಿಣ್ವ ಬೇಕು. ಮೊದಲ ಕಿಣ್ವದಲ್ಲಿ ಮಾಲಿಬ್ಡಿನಮ್ ಲೋಹವಿದೆ, ಕೊನೆಯದರಲ್ಲಿ ತಾಮ್ರ. ಕೊನೆಯ ಕಿಣ್ವ ಬಹಳ ಸೂಕ್ಷ್ಮ. ಸ್ವಲ್ಪ ಆಮ್ಲಜನಕ ತಗುಲಿದರೂ ಅದು ಕೆಲಸ ನಿಲ್ಲಿಸುತ್ತದೆ. ಆಗ ನೈಟ್ರಸ್ ಆಕ್ಸೈಡ್ ಅರ್ಧದಲ್ಲೇ ಉಳಿದು ಗಾಳಿಗೆ ಸೇರುತ್ತದೆ. ನೂರು ವರ್ಷಗಳ ಲೆಕ್ಕದಲ್ಲಿ ಭೂಮಿಯನ್ನು ಬಿಸಿ ಮಾಡುವ ಅದರ ಶಕ್ತಿ, ಅಷ್ಟೇ ತೂಕದ ಇಂಗಾಲದ ಡೈ ಆಕ್ಸೈಡಿಗಿಂತ ಸುಮಾರು 270 ಪಟ್ಟು ಹೆಚ್ಚು.

ಇದಕ್ಕೂ ನಮ್ಮ ಊರಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಮಳೆಗಾಲದ ಗಾಳಿ ಮೇಲಿನ ನೀರನ್ನು ದಡದಿಂದ ದೂರ ಸರಿಸಿದಾಗ, ಆಮ್ಲಜನಕ ಕಡಿಮೆಯಿರುವ, ಪೋಷಕಾಂಶ ತುಂಬಿದ ತಂಪು ನೀರು ಆಳದಿಂದ ದಡದ ಕಡೆಗೆ ಏರಿಬರುತ್ತದೆ. ಮಳೆ ಮತ್ತು ಹೊಳೆಗಳ ಸಿಹಿನೀರು ಹಗುರವಾದ್ದರಿಂದ ಅದರ ಮೇಲೆ ಮುಚ್ಚಳದಂತೆ ನಿಲ್ಲುತ್ತದೆ. ಮೇಲೆ ಸೂಕ್ಷ್ಮ ಸಸ್ಯಗಳು ಹುಲುಸಾಗಿ ಬೆಳೆದು, ಸತ್ತು, ತಳಕ್ಕೆ ಬೀಳುತ್ತವೆ. ಅವು ಕೊಳೆಯುವಾಗ ಉಳಿದ ಆಮ್ಲಜನಕವೂ ಖರ್ಚಾಗುತ್ತದೆ. ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ನಮ್ಮ ಪಶ್ಚಿಮ ಕರಾವಳಿಯ ತಳದ ನೀರಿನ ಸ್ಥಿತಿ ಇದು. ಜುಲೈ 31ಕ್ಕೆ ಯಾಂತ್ರಿಕ ಮೀನುಗಾರಿಕೆಯ ನಿಷೇಧ ಮುಗಿದು ದೋಣಿಗಳು ಕಡಲಿಗಿಳಿಯುವುದೂ ಇದೇ ಹೊತ್ತಿಗೆ. ಈಜಬಲ್ಲ ಮೀನು ಉಸಿರಿರುವ ಕಡೆಗೆ ಓಡುತ್ತದೆ. ಓಡಲಾಗದ ಚಿಪ್ಪುಜೀವಿಗಳು ಅಲ್ಲೇ ಸಿಕ್ಕಿಬೀಳುತ್ತವೆ.

ನೈಟ್ರೇಟ್ ಇರುವವರೆಗೆ ನಮ್ಮ ಬ್ಯಾಕ್ಟೀರಿಯಾಗಳು ಕೆಲಸ ನಡೆಸುತ್ತವೆ. ಅದೂ ಮುಗಿದರೆ ಸಲ್ಫೇಟ್ ಉಸಿರಾಡುವ ಬೇರೆ ಬ್ಯಾಕ್ಟೀರಿಯಾಗಳ ಸರದಿ. ಅವು ಹೊರಬಿಡುವುದು ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್. ಮೀನಿಗೆ ಅದು ವಿಷ. ಗೋವಾದ ಕಾಂದೋಳಿಮ್ ಎದುರಿನ ಕಡಲಿನಲ್ಲಿ 1997ರಿಂದ ನಡೆದ ಅಧ್ಯಯನದಲ್ಲಿ ಈ ಇಡೀ ಸರಪಳಿ ದಾಖಲಾಗಿದೆ.

ಈ ಕೆಲಸದಲ್ಲಿ ಮುಂದಾಳಾಗಿದ್ದವರು ಗೋವಾದ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆಯ ಡಾ. ಎಸ್. ಡಬ್ಲ್ಯು. ಎ. ನಖ್ವಿ. 1996ರಲ್ಲಿ ಅವರಿಗೆ ಶಾಂತಿಸ್ವರೂಪ್ ಭಟ್ನಾಗರ್ ಪ್ರಶಸ್ತಿ ಬಂತು. 2000ದಲ್ಲಿ ಅವರು ಮತ್ತು ಸಂಗಡಿಗರು ‘ನೇಚರ್’ ಪತ್ರಿಕೆಯಲ್ಲಿ, ಭಾರತದ ಪಶ್ಚಿಮ ಕರಾವಳಿಯ ನೀರಿನಿಂದ ನೈಟ್ರಸ್ ಆಕ್ಸೈಡ್ ಹೆಚ್ಚಾಗಿ ಹೊರಬರುತ್ತಿರುವುದನ್ನು ವರದಿ ಮಾಡಿದರು. ಹೊಲಗಳಿಂದ ಹರಿದುಬರುವ ಗೊಬ್ಬರ ಇದಕ್ಕೆ ಒಂದು ಕಾರಣವಿರಬಹುದು ಎಂದೂ ಸೂಚಿಸಿದರು.

ತಪ್ಪು ಬ್ಯಾಕ್ಟೀರಿಯಾದ್ದಲ್ಲ. ನಗರಗಳ ಕೊಳಚೆ ನೀರಿನಿಂದ ನೈಟ್ರೇಟ್ ತೆಗೆಯಲು ಶುದ್ಧೀಕರಣ ಘಟಕಗಳಲ್ಲಿ ಬಳಸುವುದು ಇದೇ ಬಗೆಯ ಜೀವಿಗಳನ್ನು. ನಾವು ಶುದ್ಧೀಕರಿಸದೆ ಕಡಲಿಗೆ ಬಿಟ್ಟ ಕೊಳಚೆ, ಅಗತ್ಯಕ್ಕಿಂತ ಹೆಚ್ಚು ಹಾಕಿದ ಯೂರಿಯಾ ಸೂಕ್ಷ್ಮ ಸಸ್ಯಗಳಿಗೆ ಆಹಾರವಾಗಿ, ಕೊನೆಗೆ ನೀರಿನ ಉಸಿರನ್ನೇ ಕಸಿಯುತ್ತದೆ. ಅದರ ಬೆಲೆ ತೆರುವವರು ನಮ್ಮ ಮೀನುಗಾರ ಕುಟುಂಬಗಳು.

ಆದ್ದರಿಂದ ವಿದ್ಯಾರ್ಥಿಗಳೇ, ಡಾಕ್ಟರ್, ಇಂಜಿನಿಯರ್ ಎಂಬ ಎರಡೇ ದಾರಿಗಳಿವೆ ಎಂದು ತಿಳಿಯಬೇಡಿ. ಕಾರವಾರದಲ್ಲಿಯೇ ಕಡಲ ಜೀವಶಾಸ್ತ್ರದ ಸ್ನಾತಕೋತ್ತರ ವಿಭಾಗವಿದೆ. ಯಾವ ತಿಂಗಳು ಯಾವ ಮೀನು ದಡಕ್ಕೆ ಬರುತ್ತದೆ ಎಂದು ಬಂದರಿನ ಹಿರಿಯರನ್ನು ಕೇಳಿ ಬರೆದಿಡಿ, ಅವರ ಅನುಭವಕ್ಕೆ ನಿಮ್ಮ ಪಾಠವನ್ನು ಜೋಡಿಸಿ ನೋಡಿ. ಈ ಕಡಲನ್ನು ದಿನವೂ ನೋಡುವ ಮಕ್ಕಳೇ ಅದನ್ನು ಓದಿದರೆ, ಅದರ ಕಷ್ಟ ಮೊದಲು ತಿಳಿಯುವುದೂ ಅವರಿಗೇ.