ಜಾಯಿಕಾಯಿ ನಾಡಿನ ಓಟಗಾರ



ಕೆರಿಬಿಯನ್ ಸಮುದ್ರದ ಗ್ರೆನೆಡಾ ಪುಟ್ಟ ದೇಶ. ಜನಸಂಖ್ಯೆ ಒಂದು ಲಕ್ಷಕ್ಕೆ ತುಸು ಹೆಚ್ಚು, ಅಷ್ಟೇ. ಅದರ ಬಾವುಟದಲ್ಲಿರುವುದು ನಮ್ಮ ಮಲೆನಾಡಿಗೂ ಪರಿಚಿತವಾದ ಜಾಯಿಕಾಯಿ.

ಅಲ್ಲಿನ ಮೀನುಗಾರರ ಊರು ಗುಯಾವ್‌ನ ಹುಡುಗ ಕಿರಾನಿ ಜೇಮ್ಸ್, 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ 400 ಮೀಟರ್ ದೂರವನ್ನು 43.94 ಸೆಕೆಂಡಿನಲ್ಲಿ ಓಡಿ ಚಿನ್ನ ಗೆದ್ದ. ಆಗ ವಯಸ್ಸು 19. ದೇಶಕ್ಕೆ ಅದೇ ಮೊದಲ ಒಲಿಂಪಿಕ್ ಪದಕ.

ನನ್ನ ಮನಸ್ಸಿನಲ್ಲಿ ಉಳಿದಿರುವುದು ಮಾತ್ರ ಹಿಂದಿನ ದಿನದ ಸೆಮಿಫೈನಲ್. ಕೃತಕ ಕಾಲುಗಳ ಮೇಲೆ ಓಡಿದ ದಕ್ಷಿಣ ಆಫ್ರಿಕಾದ ಓಟಗಾರ ಕೊನೆಯವನಾಗಿ ಬಂದ. ಮೊದಲು ಗುರಿ ಮುಟ್ಟಿದ್ದ ಕಿರಾನಿ ನೇರ ಅವನ ಬಳಿಗೆ ಹೋದ, ಅಪ್ಪಿಕೊಂಡ, ಎದೆಯ ಮೇಲಿನ ಹೆಸರಿನ ಚೀಟಿಯನ್ನು ಅವನೊಂದಿಗೆ ಬದಲಾಯಿಸಿಕೊಂಡ. ಎಂಥ ದೊಡ್ಡ ಮನಸ್ಸು!

2022ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಜಾವೆಲಿನ್ ಎಸೆತದಲ್ಲಿ ನಮ್ಮ ನೀರಜ್ ಚೋಪ್ರಾ ಬೆಳ್ಳಿ ಗೆದ್ದಾಗ ಚಿನ್ನ ಗೆದ್ದದ್ದೂ ಗ್ರೆನೆಡಾದ ಆ್ಯಂಡರ್ಸನ್ ಪೀಟರ್ಸ್.

2024ರ ಜುಲೈ 1ರಂದು ಬೆರಿಲ್ ಚಂಡಮಾರುತ ಈ ದೇಶದ ಕ್ಯಾರಿಯಾಕು ದ್ವೀಪದ ಮನೆಗಳನ್ನು ನೆಲಸಮ ಮಾಡಿತು. ಮರುತಿಂಗಳೇ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಗ್ರೆನೆಡಾಕ್ಕೆ ಎರಡು ಕಂಚು ಬಂತು: ಜಾವೆಲಿನ್‌ನಲ್ಲಿ ಪೀಟರ್ಸ್‌ಗೆ, ಡೆಕಾಥ್ಲಾನ್‌ನಲ್ಲಿ ಲಿಂಡನ್ ವಿಕ್ಟರ್‌ಗೆ.

ನಿಮ್ಮೂರಿನ ಶಾಲಾ ಮೈದಾನದಲ್ಲೂ ಮಕ್ಕಳು ಓಡುತ್ತಿರುತ್ತಾರೆ. ಇವತ್ತು ಒಂದು ನಿಮಿಷ ನಿಂತು ನೋಡಿ, ಹೆಸರು ಕೇಳಿ.