ವರದಿ ಬರೆಯೋರು ಬಂದಾಗ
(ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು)



ಕೋರ್ಟು 'ತಪ್ಪಿತಸ್ಥ' ಅಂದ ಕೂಡಲೇ ನಮ್ಮ ಕೇರಿಯವರು ತಲೆ ಮೇಲೆ ಕೈ ಹೊತ್ತು ಕೂರ್ತಾರೆ. ಇನ್ನೂ ಮುಗಿದಿಲ್ಲ. ಇಪ್ಪತ್ತೊಂದು ತುಂಬದವರನ್ನು, ಜೀವಾವಧಿ ಶಿಕ್ಷೆಯಾಗುವಂಥ ಅಪರಾಧ ಅಲ್ಲದಿದ್ದರೆ, ಸುಮ್ಮನೆ ಜೈಲಿಗೆ ಅಟ್ಟುವಂತಿಲ್ಲ. 1958ರ ಪ್ರೊಬೇಷನ್ ಕಾಯ್ದೆಯ 6ನೇ ಕಲಂ ಪ್ರಕಾರ ಪ್ರೊಬೇಷನ್ ಅಧಿಕಾರಿಯ ವರದಿ ತರಿಸಬೇಕು. ಜೈಲೇ ಆದರೆ ಕಾರಣ ಬರೆಯಬೇಕು. ಬಾಂಡು ಬರೆಸಿಕೊಂಡು ಬಿಡಲೂಬಹುದು. (ನಮ್ಮ ಮೇಲೆ ದೌರ್ಜನ್ಯ ಮಾಡಿ, 1989ರ ಕಾಯ್ದೆಯಡಿ ಶಿಕ್ಷೆಯಾದವನಿಗೆ ಹದಿನೆಂಟು ದಾಟಿದ್ದರೆ ಈ ಬಾಗಿಲು ಮುಚ್ಚಿದೆ. ಅದೂ ಗೊತ್ತಿರಲಿ.)

ಅಧಿಕಾರಿ ಕೇಳೋದು ಮನೆ, ಓದು, ಕೂಲಿ, ಸಹವಾಸ. ನಾವು ಎಡವೋದು ಇಲ್ಲೇ. ಅಪ್ಪ ಜೀತಕ್ಕಿದ್ದ ಅನ್ನೋಕೆ ನಾಚಿಕೆ. ಅವ್ವ ಕಂಡೋರ ಹೊಲದಲ್ಲಿ ಕಳೆ ಕೀಳ್ತಾಳೆ ಅನ್ನೋಕೆ ನಾಚಿಕೆ. ನಾನೂ ಕಾಲೇಜಲ್ಲಿ 'ನಮ್ಮಪ್ಪ ರೈತ' ಅಂದವನೇ. ಒಂದು ಗುಂಟೆಯೂ ಇರಲಿಲ್ಲ. ಆ ಸುಳ್ಳು ಕಾಲೇಜಲ್ಲಿ ನಡೀತು. ವರದಿಯಲ್ಲಿ ನಡೆಯಲ್ಲ, ಅವರು ಊರಿಗೇ ಬಂದು ವಿಚಾರಿಸಬಹುದು. ಮೊದಲು ಗೌಡರ ಜಗಲಿ ಮೇಲೆ ಕೂತು ನಿಮ್ಮ ವಿಷಯ ಕೇಳಿದರೆ? ಅದಕ್ಕೇ ನಿಮ್ಮನ್ನು ಬಲ್ಲ ಮೇಷ್ಟ್ರು, ಕೆಲಸ ಕೊಟ್ಟವರ ಹೆಸರು ಮೊದಲೇ ಬರೆದುಕೊಡಿ. ವಯಸ್ಸಿಗೆ ಮಾರ್ಕ್ಸ್‌ಕಾರ್ಡ್ ಇಟ್ಟುಕೊಳ್ಳಿ.

ಅಪೀಲು ಹಾಕೋದಿದ್ದರೆ, ಕೇಸಿನ ಬಗ್ಗೆ ವಕೀಲರನ್ನು ಕೇಳದೆ ಬಾಯಿಬಿಡಬೇಡಿ. ದುಡ್ಡಿಲ್ವಾ? 1987ರ ಕಾನೂನು ಸೇವಾ ಕಾಯ್ದೆಯಡಿ ಪರಿಶಿಷ್ಟರಿಗೆ ವಕೀಲರು ಉಚಿತ.

ವರದಿ ಗುಟ್ಟಿನದಂತೆ. ಆದರೆ ಅದರ ಸಾರ ತಿಳಿಸಿ ಎದುರು ಸಾಕ್ಷ್ಯಕ್ಕೆ ಅವಕಾಶ ಕೊಡಬಹುದು ಅಂತ 7ನೇ ಕಲಂನಲ್ಲೇ ಇದೆ. ಕೇಳಿದರೆ ತಾನೇ ಕೊಡೋದು? ಸಾರ ಓದಿ ಹೇಳಿ ಸ್ವಾಮಿ ಅಂತ ವಕೀಲರ ಕೈಲಿ ಕೇಳಿಸಿ.